ಮಡಗಾಸ್ಕರಿನ ಏಳನೇ ಹೆದ್ದಾರಿಯಲ್ಲಿ

ರಾಜಧಾನಿ ಅಂಟನಾನರಿವೊ ಬಿಟ್ಟು ದಕ್ಷಿಣಕ್ಕೆ ಹೊರಟರೆ ಕಣಿವೆ ಕಣಿವೆಯಲ್ಲೂ ಭತ್ತದ ಗದ್ದೆ. ಕೆಮ್ಮಣ್ಣಿನ ಬದು, ಕೆಸರಿನಲ್ಲಿ ಬಾಗಿ ನಾಟಿ ಮಾಡುವ ಹೆಂಗಸರು. ಆಫ್ರಿಕಾದ ದಡದಿಂದ ಈ ದ್ವೀಪ ಸುಮಾರು 400 ಕಿ.ಮೀ. ದೂರವಷ್ಟೇ. ಆದರೆ ಇಲ್ಲಿನವರಾಡುವ ಮಲಗಾಸಿಯ ಹತ್ತಿರದ ಬಂಧು ಇರುವುದು ಸಾವಿರಾರು ಕಿ.ಮೀ. ಆಚೆ, ಬೋರ್ನಿಯೊದ ಬರಿಟೊ ನದಿಯ ಸೀಮೆಯಲ್ಲಿ! ಅಲ್ಲಿನ ಮಾಅನ್ಯಾನ್ ನುಡಿಗೂ ಇದಕ್ಕೂ ಇರುವ ನಂಟನ್ನು ನಾರ್ವೆಯ ಓಟೊ ಕ್ರಿಶ್ಚಿಯನ್ ಡಾಲ್ 1951ರಲ್ಲೇ ತೋರಿಸಿಕೊಟ್ಟಿದ್ದರು. ನಡುವೆ ಇಡೀ ಹಿಂದೂ ಮಹಾಸಾಗರವಿದೆ. ಓದಿಕೊಂಡೇ ಬಂದಿದ್ದರೂ ಆ ಗದ್ದೆಗಳೆದುರು ಮೈ ಜುಮ್ಮೆಂದಿತು.

ಅಂಬೋಸಿಟ್ರದಲ್ಲಿ ಊಟ. ಅನ್ನ ಬಡಿಸಿ ಮುಗಿದ ಪಾತ್ರೆಗೆ, ತಳ ಹಿಡಿದ ಕೆಂಪನೆಯ ಅನ್ನದ ಮೇಲೆಯೇ ನೀರು ಸುರಿದು ಕುದಿಸಿ, ಹೊಂಬಣ್ಣದ ಆ ಬಿಸಿನೀರನ್ನು ಲೋಟಕ್ಕೆ ಬಗ್ಗಿಸಿ ಕೊಟ್ಟರು. ಸುಟ್ಟ ಅನ್ನದ ಘಮ, ಚೂರೇ ಚೂರು ಕಹಿ. ಬಡಿಸಿದಾಕೆಯನ್ನು ಜಕಾರ್ತದಲ್ಲಿ ಕಂಡಿದ್ದರೆ ಅಲ್ಲಿಯವಳೇ ಎನ್ನುತ್ತಿದ್ದೆ; ಕರಾವಳಿಯವನಾದ ನಮ್ಮ ಚಾಲಕನನ್ನು ಮೊಜಾಂಬಿಕ್‌ನವನೆಂದು. ಇಬ್ಬರೂ ಒಂದೇ ಮಾತಿನಲ್ಲಿ ಹರಟುತ್ತಿದ್ದರು.

ಜೀನುಗಳೂ ಇದನ್ನೇ ಹೇಳುತ್ತವೆ. 257 ಹಳ್ಳಿಗಳ ಜನರನ್ನು ಪರೀಕ್ಷಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಮಧ್ಯದ ಎತ್ತರದ ನಾಡಿನಲ್ಲಿ ಏಷ್ಯಾದ ಪಾಲು ಹೆಚ್ಚು, ಕರಾವಳಿಯಲ್ಲಿ ಆಫ್ರಿಕಾದ್ದು. ತಂದೆಯ ಕಡೆಯ ವಂಶ ಹೆಚ್ಚಾಗಿ ಆಫ್ರಿಕಾಕ್ಕೆ ಹೋದರೆ ತಾಯಿಯ ಕಡೆಯದು ಏಷ್ಯಾಕ್ಕೆ ವಾಲುತ್ತದೆ. ಭಾಷೆ ಮಾತ್ರ ದ್ವೀಪದುದ್ದಕ್ಕೂ ಒಂದೇ, ಉಪಭಾಷೆಗಳು ಹಲವು. ನನ್ನನ್ನು ಇನ್ನೂ ಬಿಡದ ಲೆಕ್ಕವೊಂದಿದೆ: ತಾಯಿಯಿಂದ ಮಾತ್ರ ಬರುವ ಡಿಎನ್ಎಯನ್ನು ಆಧರಿಸಿದ 2012ರ ಅಧ್ಯಯನದ ಪ್ರಕಾರ, ಸುಮಾರು 1,200 ವರ್ಷಗಳ ಹಿಂದೆ ಇಲ್ಲಿ ನೆಲೆಯೂರಿದ ಮೂಲ ತಾಯಂದಿರು ಸುಮಾರು 30 ಮಂದಿ, ಬಹುತೇಕರು ಇಂಡೊನೇಷ್ಯಾ ಮೂಲದವರು. ಒಂದು ಬಸ್ಸಿಗೆ ಹಿಡಿಸುವಷ್ಟು ಹೆಂಗಸರು! ಯಾವ ದೋಣಿ, ಯಾವ ಗಾಳಿ, ಮಡಿಲಲ್ಲಿ ಎಷ್ಟು ಬಿತ್ತನೆಯ ಭತ್ತ?

ಹೆದ್ದಾರಿ ಮುಗಿಯುವ ಟುಲಿಯಾರದಲ್ಲಿ ವೇಜೊ ಮೀನುಗಾರರ ದೋಣಿ ಹತ್ತಿದೆ. ಕಿರಿದಾದ ಒಡಲು, ಒಂದು ಪಕ್ಕಕ್ಕೆ ಅಡ್ಡಗೋಲು ಚಾಚಿ ಕಟ್ಟಿದ ತೇಲುಮರ. ಆಗ್ನೇಯ ಏಷ್ಯಾದ ದ್ವೀಪಗಳ ದೋಣಿಯ ಮಾದರಿಯೇ. ಹುಟ್ಟು ಹಾಕುತ್ತಿದ್ದವರ ಮುಖದಲ್ಲಿ ಆಫ್ರಿಕಾ ಇತ್ತು. ಮಾತು ಕೇಳಿ ರಕ್ತದ ಮೂಲ ಹೇಳುತ್ತೇವೆನ್ನುವವರು ಈ ದೋಣಿಯಲ್ಲೊಮ್ಮೆ ಕೂರಬೇಕು.

ಟುಲಿಯಾರದ ಉತ್ತರದ ಕುರುಚಲು ಕಾಡಿನಲ್ಲಿ ಗೆಡ್ಡೆ, ಜೇನು ಹುಡುಕಿ ಬದುಕುವ ಮಿಕೆಯಾ ಜನರಿದ್ದಾರೆ. ದ್ವೀಪದ ಆದಿವಾಸಿಗಳು ಇವರೇ ಇರಬೇಕೆಂಬ ಊಹೆಯಿತ್ತು. 2014ರಲ್ಲಿ ಸಂಶೋಧಕರು ಇವರ ಜೀನೋಮ್ ನೋಡಿದರೆ ವೇಜೊ ಜನರಲ್ಲಿರುವ ಅದೇ ಬೆರಕೆ, ಏಷ್ಯಾ ಮತ್ತು ಆಫ್ರಿಕಾ. ಇವರ ಪೂರ್ವಿಕರು ಕೃಷಿ ಬಲ್ಲವರೇ, ಆಮೇಲೆ ಕಾಡು ಹೊಕ್ಕವರು ಎಂದು ಆ ಸಂಶೋಧಕರು ಬರೆದರು.