ಹಗ್ಗದ ಈ ತುದಿ

ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶ. ಉರಿಬಿಸಿಲು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರ ಹಿಂಬದಿಯಲ್ಲಿ, ಕೊಳಚೆ ಟ್ಯಾಂಕಿನ ಬಾಯಿಗೆ ಬಗ್ಗಿ ನೀವು ಮಂಡಿಯೂರಿದ್ದೀರಿ. ಕಾದ ಕಾಂಕ್ರೀಟಿಗೆ ಮಂಡಿ ಚುರುಗುಟ್ಟುತ್ತಿದೆ. ಕೊಳೆತ ಮೊಟ್ಟೆಯ ನಾತಕ್ಕೆ ಗಂಟಲು ಕೆರೆಯುತ್ತಿದೆ. ಬಣ್ಣದ ನೀರು ಹಾಗೇ ಅರ್ಕಾವತಿಯ ಕೆರೆಗಳಿಗೆ ಹರಿಯಬಾರದೆಂದು ಕಟ್ಟಿದ ಟ್ಯಾಂಕಿದು. ತಳದಲ್ಲಿ ಕೆಸರು ಗಟ್ಟಿಯಾಗಿ ಪಂಪು ನಿಂತಿದೆ. ಅದನ್ನು ಕೆದಕಲು ಹುಡುಗನೊಬ್ಬ ಇಳಿದಿದ್ದಾನೆ. ಅವನ ಸೊಂಟದ ಬೆಲ್ಟಿಗೆ ಕಟ್ಟಿದ ಹಗ್ಗದ ಈ ತುದಿ ನಿಮ್ಮ ಕೈಯಲ್ಲಿದೆ.

ಬಾಯಿಯ ಹತ್ತಿರ ಹಿಡಿದಾಗ ಮೀಟರು ಆಮ್ಲಜನಕ ಶೇಕಡಾ 20.9 ಎಂದು ತೋರಿಸಿತ್ತು. ಗಾಳಿ ಸರಿಯಿದೆಯೆಂದು ಎಲ್ಲರೂ ತಲೆಯಾಡಿಸಿದರು. ತಳಕ್ಕೆ ಇಳಿಬಿಟ್ಟು ಯಾರೂ ನೋಡಲಿಲ್ಲ. ಕೊಳೆತ ಮೊಟ್ಟೆಯ ನಾತ ಬೀರುವ ಹೈಡ್ರೋಜನ್ ಸಲ್ಫೈಡ್ ಅನಿಲ ಗಾಳಿಗಿಂತ ಭಾರ. ಕೆಸರಿನೊಳಗೆ ಅಡಗಿರುತ್ತದೆ, ಕಲಕಿದೊಡನೆ ಏಳುತ್ತದೆ.

ಕೆಳಗೆ ಸಲಾಕೆ ಖಣ್ ಖಣ್ ಎನ್ನುತ್ತಿದೆ. ಆಮೇಲೆ ಅವನ ದನಿ. "ನಾತ ಹೋಯ್ತು ಕಣಣ್ಣಾ. ಇವಾಗ ಪರ್ವಾಗಿಲ್ಲ."

ನಿಮ್ಮ ಕೈ ತಣ್ಣಗಾಗುತ್ತದೆ. ನಿಮ್ಮ ಮೂಗಿಗೆ ಅದು ಇನ್ನೂ ಹೊಡೆಯುತ್ತಲೇ ಇದೆ. ಈ ಅನಿಲ 100 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ನೂರು ಭಾಗ, ಮುಟ್ಟಿದರೆ ವಾಸನೆ ಹಿಡಿಯುವ ನರವೇ ಮರಗಟ್ಟುತ್ತದೆ.

"ಮೇಲಕ್ಕೆ ಬಾರೋ!"

ಉತ್ತರವಿಲ್ಲ. ಸಲಾಕೆ ಬೀಳುತ್ತದೆ. ಹಗ್ಗ ಬಿಗಿಯುತ್ತದೆ.

ಎಳೆಯುತ್ತೀರಿ. ಅಂಗೈ ಸುಲಿಯುತ್ತದೆ. ಅಷ್ಟರಲ್ಲಿ ಅವನ ಜೊತೆಗಾರ ಓಡಿಬಂದು ಒಂದು ಕಾಲು ಒಳಗಿಟ್ಟೇಬಿಡುತ್ತಾನೆ. ಇವನನ್ನು ತಡೆಯಲು ಹಗ್ಗ ಬಿಡಬೇಕೆ? ಬಿಟ್ಟರೆ ಕೆಳಗಿರುವವನಿಲ್ಲ; ತಡೆಯದಿದ್ದರೆ ಇಬ್ಬರೂ ಇಲ್ಲ. ಮುಚ್ಚಿದ ಜಾಗಗಳಲ್ಲಿ ಸತ್ತವರಲ್ಲಿ ಶೇಕಡಾ 60ಕ್ಕೂ ಹೆಚ್ಚು ಮಂದಿ ಕಾಪಾಡಲು ಇಳಿದವರೇ ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯೋಷ್ 1986ರಲ್ಲೇ ಎಚ್ಚರಿಸಿತ್ತು. ಹಗ್ಗ ಬಿಡದೆ, ಭುಜದಿಂದ ಜೊತೆಗಾರನ ಎದೆಗೆ ಗುದ್ದುತ್ತೀರಿ.

"ಇಳೀಬೇಡ! ಹಗ್ಗ ಹಿಡ್ಕೋ!"

ಹಿಡಿಯುತ್ತಾನೆ. ಇಬ್ಬರೂ ಎಳೆಯುತ್ತೀರಿ. ತಲೆ ಕಾಣುತ್ತದೆ. ಭುಜ ಸಿಕ್ಕಿಕೊಳ್ಳುತ್ತದೆ. ಓರೆ ಮಾಡಿ ಎಳೆಯುತ್ತೀರಿ. ಕಾಂಕ್ರೀಟಿನ ಮೇಲೆ ಮಲಗಿಸಿದ ಎಷ್ಟೋ ಹೊತ್ತಿಗೆ ಅವನು ಕೆಮ್ಮುತ್ತಾನೆ. ಯಾರೋ 108ಕ್ಕೆ ಫೋನ್ ಮಾಡುತ್ತಿದ್ದಾರೆ.

2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 36ನೇ ಸೆಕ್ಷನ್ ಸ್ಪಷ್ಟವಾಗಿಯೇ ಹೇಳಿತ್ತು: ಒಳಗಿನ ಗಾಳಿಯನ್ನು ಬಲ್ಲವರು ತಾವೇ ಪರೀಕ್ಷಿಸಿ, ಅಪಾಯವಿಲ್ಲವೆಂದು ಚೀಟಿ ಬರೆದುಕೊಡಬೇಕು, ಇಲ್ಲವೇ ಇಳಿಯುವವನಿಗೆ ಉಸಿರಾಟದ ಸಾಧನ, ಬೆಲ್ಟು, ಹೊರಗಿನವನ ಕೈಯಲ್ಲಿ ಹಗ್ಗ ಇರಬೇಕು. ಇವತ್ತು ಇದ್ದದ್ದು ಬೆಲ್ಟು, ಹಗ್ಗ ಮಾತ್ರ. ನಿಮ್ಮ ಕಾರ್ಖಾನೆಯಲ್ಲಿ ಯಾರನ್ನಾದರೂ ಟ್ಯಾಂಕಿಗೆ ಇಳಿಸುವ ಮುಂಚೆ ಆ ಚೀಟಿ ಕೇಳಿ. ಇಲ್ಲವೆಂದರೆ ಮುಚ್ಚಳ ಹಾಕಿಸಿ.