ಬೆಲ್ಟಿನ ಅಳು

ಬದಿಯಡ್ಕದಿಂದ ಒಳಗೆ, ಅಡಿಕೆ ತೋಟಗಳ ನಡುವೆ ಇರುವ ನಮ್ಮ ಮನೆಗೆ ಮಾರುತಿ 800 ಬಂದುದು 2006ರಲ್ಲಿ. ಹೊಸದೇನಲ್ಲ, ಮಂಗಳೂರಿನ ಬಂಧುಗಳೊಬ್ಬರು ಎರಡು ವರ್ಷ ಓಡಿಸಿ ನಮಗೆ ಕೊಟ್ಟುದು. ಅದರ ಕರ್ನಾಟಕದ ನಂಬರನ್ನು ಕೇರಳದ ನಂಬರಾಗಿ ಮಾಡಿಸುವುದಕ್ಕೆ ನಾವು ಅಲೆದ ಕಥೆಯನ್ನು ಗಡಿನಾಡಿನ ವಾಚಕರಿಗೆ ವಿವರಿಸುವ ಅಗತ್ಯವಿಲ್ಲ. ನಿವೃತ್ತಿಯ ಅಂಚಿನಲ್ಲಿದ್ದ ಕನ್ನಡ ಶಾಲೆಯ ಅಧ್ಯಾಪಕರಾದ ನಮಗೆ ಅದು ದೊಡ್ಡ ಐಶ್ವರ್ಯವೇ ಆಗಿತ್ತು. 1983ರ ಡಿಸೆಂಬರಿನಲ್ಲಿ ಮೊದಲು ರಸ್ತೆಗಿಳಿದ ಆ ಜಾತಿಯ ಗಾಡಿಗಳ ತಯಾರಿಕೆ 2014ರ ಜನವರಿಯಲ್ಲಿ ನಿಂತುಹೋಯಿತು. ನಮ್ಮದು ಮಾತ್ರ ನಿಲ್ಲಲಿಲ್ಲ. ಕರೆದಾಗ ಬರುವ, ಹೇಳಿದಲ್ಲಿಗೆ ಹೋಗುವ ಮನೆಯ ಆಳಿನಂತೆ ಇತ್ತು.

ಕೆಲವು ವರ್ಷಗಳ ಹಿಂದೆ ಅದಕ್ಕೊಂದು ಹೊಸ ಅಭ್ಯಾಸ ಹತ್ತಿತು. ಮಳೆಗಾಲದ ಬೆಳಗುಗಳಲ್ಲಿ ಎಂಜಿನ್ನನ್ನು ಚಾಲೂ ಮಾಡಿದೊಡನೆ ಕೀ ಎಂದು ಒಂದು ಕೀರಲು ಸದ್ದು. ಅರ್ಧ ನಿಮಿಷವೋ ಒಂದು ನಿಮಿಷವೋ ಕೂಗಿ ತಾನಾಗಿಯೇ ಸುಮ್ಮನಾಗುವುದು. ಜಗಲಿಯಲ್ಲಿ ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ನಮ್ಮ ತಾಯಿಯವರು, "ಹಾಲಿಗೆ ಬಿಡದ ಕರುವಿನ ಹಾಗೆ ಅಳುತ್ತದಲ್ಲ ಅದು, ಯಾರಿಗಾದರೂ ತೋರಿಸಬಾರದೇ?" ಎಂದು ಕೇಳುವರು. ಅವರಿಗೆ ಆಗ ಎಂಬತ್ತು ಕಳೆದಿತ್ತು. ಮೋಟಾರಿನ ವಿಷಯದಲ್ಲಿ ಅವರ ಮಾತನ್ನು ಕೇಳುವುದುಂಟೆ? ಯಾರೋ ಹೇಳಿದರೆಂದು ಬಟ್ಟೆ ಒಗೆಯುವ ಸಾಬೂನನ್ನು ಬೆಲ್ಟಿಗೆ ಉಜ್ಜಿದೆವು. ಎರಡು ದಿನ ಅದು ಮೌನವ್ರತ ಹಿಡಿಯಿತು. ಮೂರನೆಯ ದಿನ ಮತ್ತೆ ಅದೇ ರಾಗ.

ಇದರ ನಡುವೆ ನಮ್ಮ ಕಿರಿಯ ಮಗನಿಗೆ ಇನ್ನೊಂದು ಹಂಬಲ ಹುಟ್ಟಿತು. ಕೇರಳದ ತರುಣರಿಗೆ ಹಳೆಯ ಮಾರುತಿಯೆಂದರೆ ಒಂದು ವಿಶೇಷ ಮೋಹ. ತಗ್ಗಿಸಿ, ಬಣ್ಣ ಬಳಿದು, ಅಗಲ ಚಕ್ರ ಹಾಕಿ, ಕೊನೆಗೆ ಅದರ ಕಂಠವನ್ನೂ ಬದಲಿಸುತ್ತಾರೆ. ಮಗನು ಒಂದು ಅಂಗಡಿಗೆ ಹೋಗಿ (ಯಾವ ಊರಿನದೆಂದು ಬೇಡ) ಹಿಂಬದಿಯ ಸೈಲೆನ್ಸರ್ ಪೆಟ್ಟಿಗೆಯನ್ನು ಕಿತ್ತು, ಆ ಜಾಗದಲ್ಲಿ ಒಂದು ದಪ್ಪ ಹೊಳೆಯುವ ಕೊಳವೆಯನ್ನು ಇರಿಸಿಕೊಂಡು ಬಂದನು. ಅಂಗಳಕ್ಕೆ ಗಾಡಿ ಬಂದಾಗ ಹಟ್ಟಿಯ ಹಸು ಹಗ್ಗ ಕೀಳಲು ನೋಡಿತು. ಹಳೆಯ ಪೆಟ್ಟಿಗೆಯಲ್ಲಿ ತುಕ್ಕಿನ ತೂತು ಬಿದ್ದು ಹೇಗೂ ಬದಲಿಸಬೇಕಾಗಿತ್ತು, ಹೀಗೆ ಮಾಡಿದರೆ ಎಂಜಿನ್ನು ಉಸಿರಾಡಲು ಸುಲಭ, ಶಕ್ತಿಯೂ ಹೆಚ್ಚು ಎಂಬುದು ಅವನ ವಾದ. ತೂತಿನ ಮಾತು ನಿಜ. ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು ಒಂದು ಲೀಟರಿನಷ್ಟು ನೀರು ಆವಿಯಾಗಿ ಹುಟ್ಟುತ್ತದೆಯಂತೆ. ಪೇಟೆಗೆ ಹೋಗಿ ಬರುವ ಅಲ್ಪ ಓಡಾಟದಲ್ಲಿ ಕೊಳವೆ ಪೂರ್ತಿ ಕಾಯದೆ ಆ ನೀರು ಅಲ್ಲಿಯೇ ನಿಂತು ಒಳಗಿನಿಂದ ತಿನ್ನುತ್ತದೆ. ಹೊರಗಿನಿಂದ ನಮ್ಮ ಕಡಲ ತೀರದ ಹವೆ. ಆದರೆ ಶಕ್ತಿಯ ಮಾತು? 796 ಘನ ಸೆಂಟಿಮೀಟರಿನ ಆ ಪುಟ್ಟ ಎಂಜಿನ್ನು ನಮ್ಮ ಗುಡ್ಡದ ಏರಿನಲ್ಲಿ ಮೊದಲಿನಂತೆಯೇ ಎರಡನೆಯ ಗೇರನ್ನು ಬೇಡುತ್ತಿತ್ತು. ಈಗ ಬೇಡುವುದು ಊರಿಗೆಲ್ಲ ಕೇಳಿಸುತ್ತಿತ್ತು, ಅಷ್ಟೆ.

ನಾವು ಗದರಿಸಲಿಲ್ಲ. ನಿಜ ಹೇಳಬೇಕೆಂದರೆ ಒಂದು ವಿಷಯದಲ್ಲಿ ನಮಗೂ ಸಂತೋಷವಾಗಿತ್ತು: ಬೆಲ್ಟಿನ ಕೂಗು ನಿಂತುಹೋಗಿತ್ತು. ಅದು ನಿಂತಿರಲಿಲ್ಲವೆಂದೂ ನಮಗೆ ಕೇಳಿಸುತ್ತಿರಲಿಲ್ಲವೆಂದೂ ತಿಳಿದುದು 2022ರ ಜುಲೈ ತಿಂಗಳ ಒಂದು ರಾತ್ರಿ.

ಆ ರಾತ್ರಿ ಹನ್ನೊಂದರ ಹೊತ್ತಿಗೆ ತಾಯಿಯವರಿಗೆ ಉಬ್ಬಸ ಏರಿತು. ಕಾಸರಗೋಡಿನ ನಮ್ಮವರಿಗೆ ಕಷ್ಟಕಾಲದಲ್ಲಿ ಮೊದಲು ನೆನಪಾಗುವುದು ಮಂಗಳೂರು. ಹಿಂಬದಿಯ ಸೀಟಿನಲ್ಲಿ ಅವರನ್ನು ಒರಗಿಸಿಕೊಂಡು ಕುಳಿತೆವು, ಮಗನು ಓಡಿಸಿದನು. ನೀರ್ಚಾಲು, ಸೀತಾಂಗೋಳಿ, ಕುಂಬಳೆ ದಾಟಿ ಹೆದ್ದಾರಿ ಸೇರಿದೆವು. ಜಡಿಮಳೆ. ದೀಪ, ವೈಪರು, ಗಾಜಿನ ಮಂಜನ್ನು ಕಳೆಯುವ ಫ್ಯಾನು ಎಲ್ಲವೂ ಓಡುತ್ತಿದ್ದವು. ದೀಪದ ಬೆಳಕು ಮಂಕಾಗಿದೆಯೆಂದು ನಮಗೆ ತೋರಿತ್ತು, ಆದರೆ ಮಳೆಯ ಮೇಲೆ ತಪ್ಪು ಹೊರಿಸಿದೆವು. ಕೊಳವೆಯ ಅಬ್ಬರದಲ್ಲಿ ತಾಯಿಯವರ ಉಸಿರಿನ ಸದ್ದು ಕೂಡ ಕೇಳಿಸದೆ, ಎದೆಯ ಮೇಲೆ ಕೈಯಿಟ್ಟು ನೋಡುತ್ತಿದ್ದೆವು. ಉಪ್ಪಳದ ಬಳಿ ಮುಂದಿನ ಫಲಕದಲ್ಲಿ ಬ್ಯಾಟರಿಯ ಕೆಂಪು ದೀಪ ಹೊತ್ತಿಕೊಂಡಿತು. "ಆಸ್ಪತ್ರೆಯವರೆಗೆ ಬ್ಯಾಟರಿ ಸಾಕಾಗುತ್ತದೆ" ಎಂದು ಮಗನು ನಿಲ್ಲಿಸಲಿಲ್ಲ. ಅವನಿಗೆ ತಿಳಿದಿರಲಿಲ್ಲ, ನಮಗೂ ತಿಳಿದಿರಲಿಲ್ಲ: ಆ ಗಾಡಿಯಲ್ಲಿ ಬ್ಯಾಟರಿಗೆ ವಿದ್ಯುತ್ತು ಕೊಡುವ ಆಲ್ಟರ್ನೇಟರನ್ನೂ ಎಂಜಿನ್ನನ್ನು ತಣಿಸುವ ನೀರಿನ ಪಂಪನ್ನೂ ತಿರುಗಿಸುವುದು ಒಂದೇ ಬೆಲ್ಟು. ಅದು ಹರಿದಿತ್ತು. ಹೊಸಂಗಡಿ ಮುಟ್ಟುವ ಮೊದಲೇ ಬಾನೆಟ್ಟಿನಿಂದ ಆವಿ ಎದ್ದು ಎಂಜಿನ್ನು ನಿಂತುಬಿಟ್ಟಿತು.

ಕೊಳವೆಯ ಗರ್ಜನೆ ನಿಂತ ಮೇಲೆ ಆ ಕತ್ತಲಿನಲ್ಲಿ ನಮಗೆ ಕೇಳಿಸಿದುದು ಮಳೆ ಮತ್ತು ತಾಯಿಯವರ ಉಸಿರು. ಎಷ್ಟು ಹೊತ್ತು ಹಾಗೆ ಕುಳಿತೆವೋ! ಗಡಿಯಾರದ ಪ್ರಕಾರ ಇಪ್ಪತ್ತು ನಿಮಿಷವೂ ಇರಲಾರದು. ಮೀನಿನ ಖಾಲಿ ಪೆಟ್ಟಿಗೆಗಳನ್ನು ಹೇರಿಕೊಂಡು ಮಂಗಳೂರಿಗೆ ಹೊರಟಿದ್ದ ಒಂದು ಪಿಕಪ್ ಗಾಡಿಯವರು ನಿಲ್ಲಿಸಿದರು. ಜನ್ಮವಿಡೀ ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡ ತಾಯಿಯವರನ್ನು ಚಾಲಕನೂ ಅವನ ಜತೆಗಾರನೂ ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದರು. ಜತೆಗಾರನು ತಾನು ಹಿಂದೆ ಮಳೆಯಲ್ಲಿ ಪೆಟ್ಟಿಗೆಗಳ ನಡುವೆ ನಿಂತುಕೊಂಡನು. ತಲಪಾಡಿ ದಾಟಿ ಆಸ್ಪತ್ರೆಯ ಬಾಗಿಲಿಗೆ ಬಿಟ್ಟು, ಹಣವನ್ನು ಮುಟ್ಟದೆ ಹೊರಟುಹೋದರು. ಏಳು ದಿನಗಳ ಬಳಿಕ ತಾಯಿಯವರು ಮನೆಗೆ ಮರಳಿದರು. ಇನ್ನರ್ಧ ಗಂಟೆ ತಡವಾಗಿದ್ದರೆ ಎಂದು ವೈದ್ಯರು ಆರಂಭಿಸಿದ ವಾಕ್ಯವನ್ನು ಪೂರ್ತಿ ಮಾಡಲು ನಾವು ಬಿಡಲಿಲ್ಲ.

ಗಾಡಿಯನ್ನು ನಮ್ಮ ಪೇಟೆಯ ಮೇಸ್ತ್ರಿಯ ಶೆಡ್ಡಿಗೆ ಎಳೆತರಲಾಯಿತು. ಸಿಲಿಂಡರು ತಲೆಯ ಗ್ಯಾಸ್ಕೆಟ್ಟು ಸುಟ್ಟು, ಅಲ್ಯೂಮಿನಿಯಮ್ಮಿನ ತಲೆ ಡೊಂಕಾಗಿತ್ತು. ಖರ್ಚು ನಮ್ಮ ಒಂದು ತಿಂಗಳ ಪಿಂಚಣಿಯನ್ನು ಮೀರಿತು. ಮೇಸ್ತ್ರಿ ಮಲಯಾಳಿ, ನಮ್ಮೊಡನೆ ಕನ್ನಡ, ಆಳುಗಳೊಡನೆ ತುಳು, ಎಂಜಿನ್ನಿನೊಡನೆ ಮಾತ್ರ ಮಲಯಾಳ. ಹರಿದ ಬೆಲ್ಟಿನ ತುಂಡನ್ನು ಕೈಯಲ್ಲಿ ಹಿಡಿದು, "ಇದು ಎಷ್ಟು ದಿನದಿಂದ ಕೂಗುತ್ತಿತ್ತು ಮಾಷ್ಟ್ರೇ?" ಎಂದು ಕೇಳಿದನು. ನಮ್ಮಲ್ಲಿ ಉತ್ತರವಿರಲಿಲ್ಲ. ಅದರ ಎರಡು ಪಕ್ಕಗಳೂ ಕನ್ನಡಿಯಂತೆ ನುಣುಪಾಗಿದ್ದವು. ಈ ಬೆಲ್ಟು ಹಿಡಿಯುವುದು ತಳದಿಂದಲ್ಲ, ಓರೆಯಾದ ಪಕ್ಕಗಳಿಂದ. ಪಕ್ಕ ಸವೆದರೆ ಅದು ಗಾಲಿಯ ತೋಡಿನ ತಳಕ್ಕೆ ಇಳಿದು ಜಾರುತ್ತದೆ, ಜಾರಿದರೆ ಕಾಯುತ್ತದೆ, ಕಾದರೆ ರಬ್ಬರು ಗಟ್ಟಿಯಾಗಿ ಮತ್ತೂ ಜಾರುತ್ತದೆ. ಬೆಳಗಿನ ಹೊತ್ತೇ ಯಾಕೆ ಕೂಗುತ್ತಿತ್ತೆಂಬುದೂ ಆಗ ತಿಳಿಯಿತು. ಎಂಜಿನ್ನನ್ನು ಎಬ್ಬಿಸಲು ಬ್ಯಾಟರಿ ಖರ್ಚುಮಾಡಿದುದನ್ನು ಆಲ್ಟರ್ನೇಟರು ಮೊದಲ ನಿಮಿಷದಲ್ಲಿ ತುಂಬಿಕೊಡಬೇಕು. ಆಗ ಅದನ್ನು ತಿರುಗಿಸುವುದು ಭಾರ. ಅದಕ್ಕೆ ಮಳೆಯ ತೇವವೂ ಸೇರಿದರೆ ಸಡಿಲ ಬೆಲ್ಟಿಗೆ ತಡೆಯಲಾಗುವುದಿಲ್ಲ.

ಶೆಡ್ಡಿನಲ್ಲಿ ನಿಂತಿದ್ದ ಒಂದು ಜೀಪು ಅದೇ ರೀತಿ ಕೂಗುತ್ತಿತ್ತು. ಮೇಸ್ತ್ರಿ "ಬೆಲ್ಟ್ ಕರಯುನ್ನು" ಎಂದನು. ಅವರ ಭಾಷೆಯಲ್ಲಿಯೂ ಅದು ಅಳುವೇ! ಬಾಟಲಿಯಿಂದ ತುಸು ನೀರನ್ನು ಓಡುತ್ತಿರುವ ಬೆಲ್ಟಿಗೆ ದೂರದಿಂದ ಚಿಮುಕಿಸಿದನು. ಕೂಗು ಇಮ್ಮಡಿಯಾಯಿತು. ಹಾಗಾದರೆ ಬೆಲ್ಟು ಸಡಿಲವೆಂದು ಅರ್ಥವಂತೆ. ನೀರು ಬಿದ್ದಾಗ ಕ್ಷಣಕಾಲ ಸುಮ್ಮನಾಗಿ ಮತ್ತೆ ಹಕ್ಕಿಯಂತೆ ಚಿಲಿಪಿಲಿಗುಟ್ಟಿದರೆ ಗಾಲಿಗಳು ಒಂದೇ ಸಾಲಿನಲ್ಲಿಲ್ಲ. ನೀರಿಗೆ ಜಗ್ಗದೆ ಗರಗರ ಎಂದರೆ ಬೇರಿಂಗನ್ನು ಸಂಶಯಿಸಬೇಕು. ಬೆಲ್ಟನ್ನು ಕಳಚಿ ಕೆಲವೇ ಸೆಕೆಂಡು ಎಂಜಿನ್ನನ್ನು ಓಡಿಸಿದಾಗ ಸದ್ದು ಇಲ್ಲವಾದರೆ, ದೋಷ ಆ ಬೆಲ್ಟಿನ ಸಂಸಾರದಲ್ಲಿಯೇ ಇದೆ. ನಮ್ಮ ಗಾಡಿಯಲ್ಲಿ ಆಲ್ಟರ್ನೇಟರನ್ನು ಬಿಗಿಹಿಡಿಯುವ ಬೋಲ್ಟಿನ ತೂತು ಸವೆದಿತ್ತು. ಎಷ್ಟು ಬಿಗಿದರೂ ಹಿಂದಕ್ಕೆ ಸರಿಯುತ್ತಿತ್ತು. ಆ ಪಟ್ಟಿ, ಬೋಲ್ಟು, ಹೊಸ ಬೆಲ್ಟು ಇವಿಷ್ಟನ್ನು ಮೊದಲೇ ಹಾಕಿಸಿದ್ದರೆ ಊರಿನ ಒಂದು ಸಣ್ಣ ಊಟದ ಖರ್ಚು. ನಾವು ಉಜ್ಜಿದ ಸಾಬೂನಿನ ಸಂಗತಿ ಹೇಳಿದಾಗ ಅವನು ನಗಲಿಲ್ಲ. "ಅಳುವ ಮಗುವಿನ ಬಾಯಿ ಮುಚ್ಚಿದಿರಿ" ಎಂದನು.

ಕೊಳವೆಯ ಸಂಗತಿಯನ್ನು ಮಗನೇ ಎತ್ತಿದನು. ಎಂಜಿನ್ನಿನ ಮೂರು ಸಿಲಿಂಡರುಗಳಿಂದ, ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ, ಸೆಕೆಂಡಿಗೆ 75 ಸ್ಫೋಟಗಳು ಹೊರಬೀಳುತ್ತವೆ. ಸೈಲೆನ್ಸರಿನ ಒಳಗಿನ ಕೋಣೆಗಳೂ ತೂತಿನ ನಳಿಗೆಗಳೂ ಆ ಅಲೆಗಳನ್ನು ಒಂದಕ್ಕೊಂದು ಢಿಕ್ಕಿ ಹೊಡೆಸಿ ಅಡಗಿಸುತ್ತವೆ. ಅದನ್ನು ಕಿತ್ತರೆ ಹೊಸ ಸ್ವರವೇನೂ ಹುಟ್ಟುವುದಿಲ್ಲ, ಇದ್ದ ಸದ್ದು ಬಯಲಾಗುತ್ತದೆ. ಕಾನೂನೂ ಇದೆ: 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿ. ಕೇರಳದ್ದೇ ಒಂದು ಮೊಕದ್ದಮೆಯಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದಿತು. ಇದನ್ನೆಲ್ಲ ನಾವು ಮಗನಿಗೆ ಹೇಳಲು ಸಿದ್ಧರಾಗಿದ್ದೆವು. ಹೇಳುವ ಮೊದಲೇ ಅವನು ಮೇಸ್ತ್ರಿಗೆ, "ಕಂಪೆನಿಯದನ್ನೇ ಹಾಕಿ. ಅಜ್ಜಿಯ ಉಸಿರು ಕೇಳಬೇಕು" ಎಂದನು. ಅಧ್ಯಾಪಕರಿಗೆ ಪಾಠ ಒಪ್ಪಿಸುವ ಅವಕಾಶ ತಪ್ಪಿದುದಕ್ಕೆ ನಮಗೆ ಅಂದು ಬೇಸರವಾಗಲಿಲ್ಲ.

ತೂತಿಲ್ಲದ ಹೊಸ ಪೆಟ್ಟಿಗೆ, ಹೊಸ ಗ್ಯಾಸ್ಕೆಟ್ಟು, ಜೋತು ಬೀಳದಂತೆ ಹೊಸ ರಬ್ಬರು ತೂಗುಗಳು ಬಂದವು. ಸಡಿಲಗೊಂಡು ತಗಡಿನಂತೆ ಬಡಿಯುತ್ತಿದ್ದ ಶಾಖದ ಮರೆಯನ್ನೂ ಬಿಗಿಯಲಾಯಿತು. ಆಶ್ಚರ್ಯವೆಂದರೆ ಮಗನು ಬಯಸಿದ್ದ ಗಂಭೀರವಾದ ತಗ್ಗು ದನಿ ಈಗ ತಾನಾಗಿ ಬಂದಿದೆ. ಮೊದಲು ಒರಲುತ್ತಿದ್ದುದು ಎಂಜಿನ್ನಲ್ಲ, ಹರಿದ ತಗಡುಗಳು. ಹೊಸ ಬೆಲ್ಟು ಸ್ವಲ್ಪ ಓಡಿದ ಮೇಲೆ ಹಿಗ್ಗುವುದರಿಂದ ಮತ್ತೊಮ್ಮೆ ಬಿಗಿಸಿದೆವು. ತಿಂಗಳಿಗೊಮ್ಮೆ ಎಂಜಿನ್ನು ನಿಂತಿರುವಾಗ ಮಗನು ಬೆಲ್ಟಿನ ನಡುವೆ ಹೆಬ್ಬೆರಳನ್ನು ಒತ್ತಿ ನೋಡುತ್ತಾನೆ. ಅರ್ಧ ಅಂಗುಲದಷ್ಟು ತಗ್ಗಬೇಕು. ಹೆಚ್ಚು ಬಿಗಿದರೆ ಪಂಪಿನ ಬೇರಿಂಗಿಗೆ ಕೇಡು.

ಈಗಿನ ತೊಂದರೆ ಬೇರೆ. ಬೆಳಗ್ಗೆ ಗಾಡಿ ಹೊರಟುದು ತಾಯಿಯವರಿಗೆ ತಿಳಿಯುವುದೇ ಇಲ್ಲ. ಹಿಂದೆ ಆ ಕೂಗು ಕೇಳಿದೊಡನೆ, ಪೇಟೆಯಿಂದ ವೀಳ್ಯದೆಲೆ ತರಲು ಹೇಳುತ್ತಿದ್ದರು. ಈಗ ನಾವು ಗೇಟು ದಾಟಿದ ಮೇಲೆ ನೆನಪಾಗುತ್ತದಂತೆ. ಆದುದರಿಂದ ಮಗನು ಅಂಗಳದಲ್ಲಿ ಒಮ್ಮೆ ಮೆಲ್ಲನೆ ಹಾರ್ನು ಒತ್ತಿ, ಜಗಲಿಯತ್ತ ನೋಡಿ, ಅವರು ಕೈಯೆತ್ತಿದ ಬಳಿಕ ಗಾಡಿಯನ್ನು ಮುಂದಕ್ಕೆ ಬಿಡುತ್ತಾನೆ.