ಪೆನಾಲ್ಟಿ ಬಾಕ್ಸಿನಲ್ಲಿ ಕೂರಬೇಕಾದವರು ಯಾರು?

ಹಾಕಿ ಅಂದರೆ ನಮ್ಮ ಕಡೆಯವರಿಗೆ ನೆನಪಾಗುವುದು ಕೊಡಗು, ಟರ್ಫ್ ಮೈದಾನ, ಒಲಿಂಪಿಕ್ ಪದಕ. ನಾನು ಬರೆಯಲು ಹೊರಟಿರುವುದು ಆ ಹಾಕಿಯ ಬಗ್ಗೆ ಅಲ್ಲ. ಅಮೆರಿಕ, ಕೆನಡಾ, ಸ್ವೀಡನ್‌ನಂಥ ಚಳಿ ದೇಶಗಳಲ್ಲಿ ಮಂಜುಗಡ್ಡೆಯ ಮೇಲೆ ಆಡುವ ಐಸ್ ಹಾಕಿಯ ಬಗ್ಗೆ. ಕಾಲಿಗೆ ಸ್ಕೇಟ್ಸ್, ಚೆಂಡಿನ ಬದಲು ಪಕ್ ಎಂಬ ಗಟ್ಟಿ ರಬ್ಬರ್ ಬಿಲ್ಲೆ, ಗೋಲ್‌ಕೀಪರ್ ಸೇರಿ ಒಂದು ತಂಡದಿಂದ 6 ಜನ, 20 ನಿಮಿಷಗಳ 3 ಅವಧಿ. ಎದುರಾಳಿಯನ್ನು ಭುಜದಿಂದ ಗುದ್ದಲು ನಿಯಮದಲ್ಲೇ ಅವಕಾಶವಿದೆ. ಆದರೆ ನಿಯಮ ಮೀರಿ ಹೊಡೆದವನು ಅಂಕಣದ ಪಕ್ಕದ ಪೆನಾಲ್ಟಿ ಬಾಕ್ಸಿನಲ್ಲಿ ಹೋಗಿ ಕೂರಬೇಕು. ಸಣ್ಣ ತಪ್ಪಿಗೆ 2 ನಿಮಿಷ, ದೊಡ್ಡದಕ್ಕೆ 5. ಹೊಡೆದವನು ಹೊರಗೆ, ಹೊಡೆಸಿಕೊಂಡವನು ಆಟದಲ್ಲಿ. ಈ ನಿಯಮ ಸ್ವಲ್ಪ ನೆನಪಿನಲ್ಲಿರಲಿ.

ಈ ಆಟವನ್ನು ಇಟ್ಟುಕೊಂಡು ಇಂಗ್ಲಿಷಿನಲ್ಲಿ ರಾಶಿಗಟ್ಟಲೆ ಪ್ರೇಮ ಕಾದಂಬರಿಗಳು ಬಂದಿವೆ. ನನಗೆ ಅವು ಪರಿಚಯವಾದದ್ದು ಬೆಂಗಳೂರಿನಲ್ಲಿ ಬಿ.ಕಾಂ. ಓದುವ ನನ್ನ ಖಾಲಾ ಮಗಳು ಆಪಾ ಅವರಿಂದ. ಹೆಚ್ಚಿನವು ದೊಡ್ಡವರಿಗಾಗಿ ಬರೆದ ಪುಸ್ತಕಗಳು. ಹಾಗಾಗಿ ಪುಸ್ತಕ ನನ್ನ ಕೈಗೆ ಬರಲಿಲ್ಲ, ಕಥೆ ಮಾತ್ರ ಬಂತು. ರಜೆಗೆ ಊರಿಗೆ ಬಂದಾಗ ರಾತ್ರಿ ತಾರಸಿಯ ಮೇಲೆ ಕೂತು, ನಮ್ಮ ದಾದಿ ಹಿಂದೆ ಕಿಸ್ಸೆ ಹೇಳುತ್ತಿದ್ದ ಹಾಗೆ, ಆಪಾ ಇವನ್ನು ಮನೆಯ ಉರ್ದುವಿನಲ್ಲಿ ಹೇಳಿದರು. ಅಮೆರಿಕದ ಕಾಲೇಜು ಹುಡುಗಿ ನಮ್ಮ ತಾರಸಿಯ ಮೇಲೆ "ನಕ್ಕೋ" ಅಂದಳು!

ಮೊದಲು ಹೇಳಿದ್ದು ಎಲ್ ಕೆನಡಿ ಅವರ 2015ರ ಕಾದಂಬರಿ 'ದಿ ಡೀಲ್'. ಹಾಕಿ ಕ್ಯಾಪ್ಟನ್ ಗ್ಯಾರೆಟ್‌ಗೆ ಒಂದು ವಿಷಯದಲ್ಲಿ ಪಾಸಾಗಬೇಕು, ಹನ್ನಾ ಅವನಿಗೆ ಪಾಠ ಹೇಳಿಕೊಡಬೇಕು. ಇಷ್ಟು ಯಾವ ಸಿನಿಮಾದಲ್ಲಾದರೂ ಸಿಗುತ್ತದೆ. ಆದರೆ ಹನ್ನಾ ಹೈಸ್ಕೂಲಿನಲ್ಲಿದ್ದಾಗ ಅವಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿತ್ತು. ಅವಳು ಬಾಯಿ ಬಿಟ್ಟು ಹೇಳಿದಳು. ಊರು ಅವಳ ಪರ ನಿಲ್ಲಲಿಲ್ಲ. ವಕೀಲರ ಫೀಸಿಗೆ ಸಾಲ ಮಾಡಿಕೊಂಡ ತಂದೆ ತಾಯಿ ಅದೇ ಊರಿನಲ್ಲಿ ಸಿಕ್ಕಿಕೊಂಡರು. ಗ್ಯಾರೆಟ್‌ನ ತಂದೆ ಒಂದು ಕಾಲದ ದೊಡ್ಡ ಆಟಗಾರ. ಹೊರಗೆ ಚಪ್ಪಾಳೆ, ಮನೆಯೊಳಗೆ ಹೆಂಡತಿಗೂ ಮಗನಿಗೂ ಏಟು. ಹುಡುಗ ಹುಡುಗಿಯನ್ನು ಬೇರೆ ಮಾಡಲು ಆ ತಂದೆ ಹಿಡಿಯುವ ಆಯುಧ ಹಣ: ಮಗನ ಖರ್ಚು ನಿಲ್ಲಿಸುತ್ತೇನೆ ಅನ್ನುತ್ತಾನೆ.

ಎರಡನೆಯದು ಹನ್ನಾ ಗ್ರೇಸ್ ಅವರ 'ಐಸ್‌ಬ್ರೇಕರ್', 2022ರದ್ದು. ಇದರಲ್ಲಿ ಅನಸ್ತೇಸಿಯಾ ಮಂಜಿನ ಮೇಲೆ ನೃತ್ಯದಂತೆ ಜಾರುವ ಫಿಗರ್ ಸ್ಕೇಟರ್. ಅವಳ ಜೊತೆ ಸ್ಕೇಟ್ ಮಾಡುವ ಹುಡುಗ ಅವಳು ಏನು ತಿನ್ನಬೇಕು, ಎಷ್ಟು ತಿನ್ನಬೇಕು ಅನ್ನುವುದನ್ನೂ ತಾನೇ ಲೆಕ್ಕ ಹಾಕುತ್ತಾನೆ. ಅದು ಕಾಳಜಿ ಅಲ್ಲ, ಹಿಡಿತ ಅನ್ನುವುದು ಅವಳಿಗೆ ತಿಳಿಯಲು ಬಹಳ ಕಾಲ ಬೇಕಾಗುತ್ತದೆ.

ನಾನೇ ಪೂರ್ತಿ ಓದಿದ್ದು ಮೂರನೆಯದನ್ನು: ಸ್ವೀಡನ್‌ನ ಫ್ರೆಡ್ರಿಕ್ ಬ್ಯಾಕ್‌ಮನ್ ಅವರ 'ಬೇರ್‌ಟೌನ್'. ಸ್ವೀಡಿಷ್ ಭಾಷೆಯಲ್ಲಿ 2016ರಲ್ಲಿ, ಇಂಗ್ಲಿಷಿನಲ್ಲಿ 2017ರಲ್ಲಿ ಬಂತು. ಇದು ಪ್ರೇಮ ಕಾದಂಬರಿ ಅಲ್ಲ, ಆದರೆ ಹಾಕಿಯನ್ನು ನಡುವೆ ಇಟ್ಟು ನೋವನ್ನು ಮಾತಾಡುವ ಅದೇ ಸಾಲಿನ ಪುಸ್ತಕ. ಕಾಡಿನ ನಡುವೆ ಒಂದು ಸಣ್ಣ ಊರು. ಕೆಲಸಗಳು ಒಂದೊಂದಾಗಿ ಹೋಗುತ್ತಿವೆ. ಉಳಿದಿರುವ ಒಂದೇ ಆಸೆ ಜೂನಿಯರ್ ಹಾಕಿ ತಂಡ. ಅದು ಗೆದ್ದರೆ ಊರಿಗೆ ಹಾಕಿ ಅಕಾಡೆಮಿ ಬರಬಹುದು, ಅದರ ಹಿಂದೆ ಹಣ, ಕೆಲಸ ಬರಬಹುದು. ತಂಡದ ಹೀರೋ ಕೆವಿನ್, ಶ್ರೀಮಂತ ಪ್ರಾಯೋಜಕನ ಮಗ. ಕ್ಲಬ್ಬಿನ ವ್ಯವಸ್ಥಾಪಕನ ಮಗಳು ಮಾಯಾ, ವಯಸ್ಸು 15. ಒಂದು ಪಾರ್ಟಿಯಲ್ಲಿ ಕೆವಿನ್ ಅವಳ ಮೇಲೆ ದೌರ್ಜನ್ಯ ಎಸಗುತ್ತಾನೆ. ಸುಮಾರು ಒಂದು ವಾರದ ನಂತರ ಅವಳು ಮನೆಯಲ್ಲಿ ಹೇಳುತ್ತಾಳೆ. ಫೈನಲ್ ಪಂದ್ಯದ ದಿನ ಪೊಲೀಸರು ಕೆವಿನ್‌ನನ್ನು ತಂಡದ ಬಸ್ಸಿನಿಂದ ಇಳಿಸಿಕೊಂಡು ಹೋಗುತ್ತಾರೆ. ತಂಡ ಸೋಲುತ್ತದೆ.

ಆಮೇಲೆ ಊರು ಕೇಳಿದ ಪ್ರಶ್ನೆಗಳನ್ನು ನೋಡಿ. ಇಷ್ಟು ದಿನ ಯಾಕೆ ಸುಮ್ಮನಿದ್ದಳು? ಪಂದ್ಯ ಮುಗಿಯುವವರೆಗೆ ಕಾಯಬಹುದಿತ್ತಲ್ಲ? ಅವಳಿಗೇನಾಯಿತು ಅಂತ ಕೇಳಿದವರು ಕಡಿಮೆ. ಅಂಕಣದಲ್ಲಿ ಹೊಡೆದವನು ಪೆನಾಲ್ಟಿ ಬಾಕ್ಸಿಗೆ ಹೋಗುತ್ತಾನೆ, ಅಂಕಣದ ಹೊರಗೆ ಏಟು ತಿಂದವಳನ್ನೇ ಅಲ್ಲಿ ಕೂರಿಸುತ್ತಾರೆ. 2 ನಿಮಿಷಕ್ಕಲ್ಲ, ವರ್ಷಗಟ್ಟಲೆ.

ನಾನು ಕಾಮರ್ಸ್ ವಿದ್ಯಾರ್ಥಿನಿ, ಆದ್ದರಿಂದಲೋ ಏನೋ, ಈ ಕಥೆಗಳಲ್ಲಿ ನನಗೆ ಲೆಕ್ಕವೇ ಕಾಣುತ್ತದೆ. ಬೇರ್‌ಟೌನ್‌ನ ಜನ ಕೆಟ್ಟವರೆಂದು ಲೇಖಕರು ಎಲ್ಲೂ ಹೇಳುವುದಿಲ್ಲ. ಅವರೆಲ್ಲ ಮನಸ್ಸಿನಲ್ಲೇ ಒಂದು ಬ್ಯಾಲೆನ್ಸ್ ಶೀಟ್ ಹಾಕಿದರು: ಒಂದು ಕಡೆ ಊರಿನ ಭವಿಷ್ಯ, ಇನ್ನೊಂದು ಕಡೆ ಒಬ್ಬ ಹುಡುಗಿಯ ಮಾತು. ಪಾಲುದಾರಿಕೆಯ ಪಾಠದಲ್ಲಿ ನಾವು ಗುಡ್‌ವಿಲ್ ಬಗ್ಗೆ ಓದುತ್ತೇವೆ. ಮುಟ್ಟಲು ಆಗದ, ಆದರೆ ಬೆಲೆ ಇರುವ ಆಸ್ತಿ. ಮನೆತನದ ಮರ್ಯಾದೆಯೂ ಹೀಗೆಯೇ. ನಮ್ಮ ಮನೆಗಳಲ್ಲಿ "ಲೋಗಾಂ ಕ್ಯಾ ಬೋಲೇಂಗೆ" ಅನ್ನುತ್ತಾರೆ, ಕನ್ನಡದ ಮನೆಗಳಲ್ಲಿ "ನಾಲ್ಕು ಜನ ಏನಂದಾರು" ಅನ್ನುತ್ತಾರೆ. ಆ ನಾಲ್ಕು ಜನ ಯಾರು ಅಂತ ಯಾರಿಗೂ ಗೊತ್ತಿಲ್ಲ. ಆದರೂ ಅವರಿಗಾಗಿ ಎಷ್ಟೋ ಹುಡುಗಿಯರ ನೋವನ್ನು ಪುಸ್ತಕಕ್ಕೆ ಏರಿಸದೆಯೇ ಬಿಡುತ್ತಾರೆ.

ಬೇರ್‌ಟೌನ್‌ನಲ್ಲಿ ನನಗೆ ಬಹಳ ಹತ್ತಿರವಾದವರು ಫಾತಿಮಾ ಮತ್ತು ಅವರ ಮಗ ಅಮತ್. ಬೇರೆ ದೇಶದಿಂದ ಬಂದು ನೆಲೆಸಿದವರು. ಫಾತಿಮಾ ಹಾಕಿ ಅಂಕಣದಲ್ಲಿ ಕಸ ಗುಡಿಸಿ ಒರೆಸುವ ಕೆಲಸ ಮಾಡುತ್ತಾರೆ. ಅಮತ್ ಗಾಳಿಯಂತೆ ಓಡುವ ಆಟಗಾರ, ಈಗಷ್ಟೇ ಜೂನಿಯರ್ ತಂಡಕ್ಕೆ ಸೇರಿದವನು. ಪಾರ್ಟಿಯಲ್ಲಿ ನಡೆದದ್ದಕ್ಕೆ ಅವನೇ ಸಾಕ್ಷಿ. ಕೆವಿನ್‌ನ ತಂದೆ ಅವನ ಬಾಯಿ ಮುಚ್ಚಿಸಲು ನೋಡುತ್ತಾನೆ, ತಾಯಿಯ ಕೆಲಸದ ಮಾತು ಎತ್ತುತ್ತಾನೆ. ಆ ಹುಡುಗ ಕೊನೆಗೆ ಕ್ಲಬ್ಬಿನ ಸಭೆಯಲ್ಲಿ ಎಲ್ಲರೆದುರು ಎದ್ದು ನಿಂತು ಕಂಡದ್ದನ್ನು ಹೇಳುತ್ತಾನೆ. ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವ ಸ್ಥಿತಿಯಲ್ಲಿದ್ದವನೇ ಮಾತಾಡಿದ.

ಈ ಕಥೆಯನ್ನು ನಾನು ಅಮ್ಮಿಗೆ ಹೇಳಿದೆ. ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಾ ಕೇಳುತ್ತಿದ್ದ ಅಮ್ಮಿ, ಮ್ಯಾಚ್ ಯಾರು ಗೆದ್ದರು ಅಂತ ಕೇಳಲಿಲ್ಲ. "ಆ ಹುಡುಗಿ ಮೊದಲು ಯಾರಿಗೆ ಹೇಳಿದಳು?" ಅಂದರು. ಮೊದಲು ಗೆಳತಿಗೆ, ಆಮೇಲೆ ಅಮ್ಮ ಅಪ್ಪನಿಗೆ ಅಂದೆ. "ನಂಬಿದರಾ?" ನಂಬಿದರು, ಒಂದೇ ಮಾತಿಗೆ. "ಬಸ್, ಉತ್ತಾಚ್ ಹೋನಾ" ಅಂದರು ಅಮ್ಮಿ. ಅಷ್ಟಿದ್ದರೆ ಸಾಕು.

ಈ ಮಾತು ನನಗೆ ಯಾಕೆ ಮುಖ್ಯವಾಯಿತು ಅನ್ನುವುದನ್ನು ನನ್ನ ಗೆಳತಿಯೊಬ್ಬಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಟ್ಯೂಷನ್‌ಗೆ ಹೋಗುವ ಬಸ್ಸಿನಲ್ಲಿ ಒಬ್ಬ ಮನುಷ್ಯ ಅವಳಿಗೆ ದಿನವೂ ತೊಂದರೆ ಕೊಡುತ್ತಿದ್ದ. ಅವಳು ಬಸ್ಸನ್ನೇ ಬಿಟ್ಟು, ಬಿಸಿಲಿನಲ್ಲಿ ಮುಕ್ಕಾಲು ಗಂಟೆ ನಡೆದು ಹೋಗುತ್ತಿದ್ದಳು. ಮನೆಯಲ್ಲಿ ಹೇಳಿರಲಿಲ್ಲ. "ಹೇಳಿದರೆ ಮೊದಲು ಟ್ಯೂಷನ್ ಬಿಡಿಸ್ತಾರೆ, ಆಮೇಲೆ ಕಾಲೇಜು" ಅನ್ನುವುದು ಅವಳ ಲೆಕ್ಕ. ನಾನು ಅವಳಿಗೆ ಮಾಯಾಳ ಕಥೆ ಹೇಳಿದೆ, ಅಮ್ಮಿ ಕೇಳಿದ ಎರಡು ಪ್ರಶ್ನೆಗಳನ್ನೂ ಹೇಳಿದೆ. ಒಂದು ಶುಕ್ರವಾರ ಸಂಜೆ ಅವಳು ನಮ್ಮ ಮನೆಗೆ ಬಂದು ಅಮ್ಮಿಯ ಪಕ್ಕ ಕೂತು ಎಲ್ಲವನ್ನೂ ಹೇಳಿದಳು. ಅಮ್ಮಿ ನಡುವೆ ಒಂದು ಮಾತೂ ಆಡಲಿಲ್ಲ. ಕೊನೆಗೆ ಕೇಳಿದ್ದು ಇಷ್ಟೇ: "ತಪ್ಪು ಮಾಡಿದವನು ಬಸ್ಸಿನಲ್ಲಿ ಕೂತಿದ್ದಾನೆ, ನೀನ್ಯಾಕೆ ನಡೀತಿದ್ದೀಯ ಬೇಟಾ?" ಮರುದಿನ ಅಮ್ಮಿ ಅವಳ ತಾಯಿಯ ಜೊತೆ ಮಾತಾಡಿದರು. ಇಬ್ಬರೂ ಸೇರಿ ದೂರು ಕೊಟ್ಟರು. ಗೆಳತಿ ಈಗ ಬಸ್ಸಿನಲ್ಲೇ ಹೋಗುತ್ತಾಳೆ, ಕಾಲೇಜಿಗೂ ಬರುತ್ತಾಳೆ.

ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಕೆಲವು ವಿಷಯ ಇಲ್ಲಿ ಹೇಳಬೇಕು. 18 ವರ್ಷದೊಳಗಿನ ಹುಡುಗಿಯರಿಗೂ ಹುಡುಗರಿಗೂ ಪೋಕ್ಸೋ ಕಾಯ್ದೆ, 2012 ಅನ್ವಯಿಸುತ್ತದೆ. ದೂರು ಕೊಟ್ಟ ಮಗುವಿನ ಹೆಸರು, ವಿಳಾಸ, ಫೋಟೋ, ಶಾಲೆಯ ಹೆಸರು ಯಾವುದನ್ನೂ ಮಾಧ್ಯಮಗಳು ಪ್ರಕಟಿಸುವಂತಿಲ್ಲ. ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು, ಪಡೆಯುವ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು. ಮಕ್ಕಳ ಸಹಾಯವಾಣಿ 1098. ಮನಸ್ಸಿಗೆ ಭಾರವಾದಾಗ ಮಾತಾಡಲು ಟೆಲಿ ಮಾನಸ್, 14416. ಎರಡಕ್ಕೂ ಹಣ ಕೊಡಬೇಕಾಗಿಲ್ಲ.

ಇಂಥ ಕಾದಂಬರಿಗಳು ಸಮಯ ಹಾಳು ಅಂತ ಹೇಳುವವರಿದ್ದಾರೆ. ಆಪಾ ಹೇಳಿದ ಕಥೆಗಳಿಂದ ನಾನು ತಿಳಿದುಕೊಂಡದ್ದು ಬೇರೆ. ಅವುಗಳಲ್ಲಿ ಪ್ರೀತಿ ಯಾರ ಗಾಯವನ್ನೂ ಮಾಯ ಮಾಡುವುದಿಲ್ಲ. ಹನ್ನಾ ವರ್ಷಗಟ್ಟಲೆ ಆಪ್ತ ಸಲಹೆ ಪಡೆದವಳು, ಗ್ಯಾರೆಟ್ ಬಂದ ಕೂಡಲೇ ಅವಳ ಭಯ ಹೋಗುವುದಿಲ್ಲ. ಅವನು ಮಾಡುವುದು ಅವಸರ ಮಾಡದೆ ಕೇಳುವುದು. ಅವಳೂ ಅವನ ತಂದೆಯ ಕಥೆಯನ್ನು ಹಾಗೆಯೇ ಕೇಳುತ್ತಾಳೆ. ಮನೆಯಲ್ಲಿ ಏಟು ತಿನ್ನುವ ಹುಡುಗರೂ ನಮ್ಮ ನಡುವೆ ಇದ್ದಾರೆ, ಗಂಡಸು ಅಳಬಾರದು ಅನ್ನುವ ಮಾತಿಗೆ ಅವರೂ ಬಾಯಿ ಮುಚ್ಚಿಕೊಂಡಿರುತ್ತಾರೆ.

ಸ್ನೇಹಿತರೇ, ನಿಮ್ಮ ಬೆಂಚಿನವರು ಯಾರಾದರೂ ತಡವರಿಸುತ್ತಾ ಏನೋ ಹೇಳಲು ಬಂದರೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಮೊದಲು ಕೇಳಬೇಡಿ. ಪೂರ್ತಿ ಕೇಳಿಸಿಕೊಳ್ಳಿ. ನಂಬುತ್ತೇನೆ ಅನ್ನಿ. ಆಮೇಲೆ ನಂಬಿಕೆಯ ಒಬ್ಬ ದೊಡ್ಡವರ ಹತ್ತಿರ ಅವರ ಜೊತೆಯಲ್ಲೇ ಹೋಗಿ.